ಸಹಿ ಯಾರದು? ಥಾಣೆ, ಕಲ್ಯಾಣ, ಡೊಂಬಿವಲಿಯ ಕಟ್ಟಡ ಪರವಾನಗಿಯ ಕಥೆ

ಡೊಂಬಿವಲಿಯಲ್ಲೋ ಕಲ್ಯಾಣದಲ್ಲೋ ಫ್ಲ್ಯಾಟ್ ಹುಡುಕುವವರು ಮೊದಲು ಕಲಿಯುವ ಶಬ್ದಗಳು ಎರಡು: ಸಿಸಿ ಮತ್ತು ಓಸಿ. ಸಿಸಿ ಎಂದರೆ ಕಮೆನ್ಸ್‌ಮೆಂಟ್ ಸರ್ಟಿಫಿಕೇಟ್, ಕಟ್ಟಡದ ಕೆಲಸ ಆರಂಭಿಸಲು ಸಿಗುವ ಪರವಾನಗಿ. ಓಸಿ ಎಂದರೆ ಆಕ್ಯುಪೆನ್ಸಿ ಸರ್ಟಿಫಿಕೇಟ್, ಕಟ್ಟಿ ಮುಗಿದ ಮೇಲೆ ಅಲ್ಲಿ ವಾಸಿಸಲು ಸಿಗುವ ಒಪ್ಪಿಗೆ. ಕೇಳಲು ಇಷ್ಟು ಸರಳವಾದ ಸಂಗತಿ ಥಾಣೆ ಜಿಲ್ಲೆಯಲ್ಲಿ ಏಕೆ ಇಷ್ಟೊಂದು ಜಟಿಲವಾಯಿತು? ಆ ಕಾಗದಕ್ಕೆ ಸಹಿ ಹಾಕುವ ಅಧಿಕಾರ ಅರವತ್ತು ವರ್ಷಗಳಲ್ಲಿ ಯಾರ ಯಾರ ಕೈಗೆ ಹೋಯಿತೆಂದು ನೋಡಿದರೆ ಉತ್ತರ ಸಿಗುತ್ತದೆ.

ಮೂಲ ಕಾನೂನು 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆ. ಅದರ 44ನೇ ಕಲಮಿನಂತೆ ಅರ್ಜಿ ಹಾಕಬೇಕು, 45ನೇ ಕಲಮಿನಂತೆ ಯೋಜನಾ ಪ್ರಾಧಿಕಾರ ಒಪ್ಪಬೇಕು ಅಥವಾ ನಿರಾಕರಿಸಬೇಕು. ನಿಯಮಬದ್ಧ ಅರ್ಜಿಗೆ 60 ದಿನಗಳಲ್ಲಿ ಉತ್ತರ ಬಾರದಿದ್ದರೆ ಒಪ್ಪಿಗೆ ಸಿಕ್ಕಿತೆಂದೇ ಲೆಕ್ಕ. ಪರವಾನಗಿ ಇಲ್ಲದೆ ಕಟ್ಟಿದರೆ ನೋಟಿಸು ಕೊಟ್ಟು ಕೆಡವುವ ಅಧಿಕಾರವೂ ಪ್ರಾಧಿಕಾರಕ್ಕಿದೆ.

ಆದರೆ ಆ ಕಾಲದ ಥಾಣೆ ಜಿಲ್ಲೆಯ ಬಹುಭಾಗ ಹಳ್ಳಿ. ಗಾವಠಾಣದ, ಅಂದರೆ ಊರ ವಸತಿ ಪ್ರದೇಶದ, ಒಳಗೆ ಗ್ರಾಮಪಂಚಾಯತಿಯ ಒಪ್ಪಿಗೆ ನಡೆಯುತ್ತಿತ್ತು. ಹೊರಗಿನ ಭತ್ತದ ಗದ್ದೆಯಲ್ಲಿ ಕಟ್ಟಬೇಕಾದರೆ ಜಮೀನನ್ನು ಕೃಷಿಯೇತರವೆಂದು ಮಾಡಿಸಲು ಜಿಲ್ಲಾಧಿಕಾರಿಯ ಬಳಿ ಹೋಗಬೇಕಿತ್ತು. ಪಂಚಾಯತಿಯ ಚೀಟಿ ಬೇಗ ಸಿಗುತ್ತಿತ್ತು, ಜಿಲ್ಲಾಧಿಕಾರಿಯ ಆದೇಶಕ್ಕೆ ಅಲೆಯಬೇಕಿತ್ತು. ಚೀಟಿಯೊಂದರ ಬಲದಲ್ಲೇ ಚಾಳುಗಳು, ಆಮೇಲೆ ಮಹಡಿಗಳು ಎದ್ದವು.

ಮುಂಬಯಿಯಲ್ಲಿ ದುಡಿದು ಅಲ್ಲಿ ಮನೆ ಕೊಳ್ಳಲಾಗದವರೆಲ್ಲ ರೈಲು ಹಳಿ ಹಿಡಿದು ಇತ್ತ ಬಂದರು. ಅವರಲ್ಲಿ ಹೋಟೆಲಿನಲ್ಲಿ, ಬ್ಯಾಂಕಿನಲ್ಲಿ, ಕಚೇರಿಗಳಲ್ಲಿ ದುಡಿಯುವ ಕನ್ನಡಿಗರೂ ಇದ್ದರು. ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥ ಶಾಲೆ ನಡೆಸುವಷ್ಟು ನಮ್ಮವರು ಅಲ್ಲಿ ಬೇರೂರಿದರು. ಥಾಣೆ ಮಹಾನಗರಪಾಲಿಕೆ ಹುಟ್ಟಿದ್ದು 1982ರಲ್ಲಿ, ಕಲ್ಯಾಣ-ಡೊಂಬಿವಲಿಯದು 1983ರಲ್ಲಿ. ಜನ ಮೊದಲು ಬಂದರು, ಪಾಲಿಕೆ ಆಮೇಲೆ ಬಂತು.

ಕಲ್ಯಾಣ-ಡೊಂಬಿವಲಿ ಪಾಲಿಕೆಗೆ ಸೇರಿದ 27 ಹಳ್ಳಿಗಳ ಪಾಡು ಇನ್ನೂ ವಿಚಿತ್ರ. 2002ರಲ್ಲಿ ಅವನ್ನು ಪಾಲಿಕೆಯಿಂದ ಹೊರಗಿಟ್ಟು ಪಂಚಾಯತಿಗಳಿಗೆ ಮರಳಿಸಲಾಯಿತು. ಮುಂದೆ ಅಲ್ಲಿನ ಯೋಜನಾ ಅಧಿಕಾರ ಎಂಎಂಆರ್‌ಡಿಎಗೆ ಹೋಯಿತು. 2015ರಲ್ಲಿ ಹಳ್ಳಿಗಳು ಮತ್ತೆ ಪಾಲಿಕೆಗೆ ಸೇರಿದವು. 2020ರಲ್ಲಿ ಹದಿನೆಂಟನ್ನು ತೆಗೆಯುವ ಆದೇಶ ಬಂತು, ಹೈಕೋರ್ಟು ಅದನ್ನು ರದ್ದುಮಾಡಿತು. ಹೀಗಿರುವಾಗ ಒಂದು ಕಟ್ಟಡದ ಪರವಾನಗಿ ಸರಿಯೋ ತಪ್ಪೋ ತಿಳಿಯಲು, ಅದರ ತಾರೀಕಿನಂದು ಆ ಊರು ಯಾರ ಕೈಕೆಳಗಿತ್ತು ಎಂಬುದೂ ಗೊತ್ತಿರಬೇಕು. ಸಾಲ ಮಾಡಿ ಫ್ಲ್ಯಾಟ್ ಕೊಳ್ಳುವ ಗುಮಾಸ್ತನಿಗೆ ಇದು ಹೇಗೆ ತಿಳಿಯಬೇಕು?

ಖಾರಿಯ ಆಚೆ ನವಿಮುಂಬಯಿಯಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ಯೋಜನೆ ಮೊದಲೇ ಬಂತು. 1970ರಲ್ಲಿ ಸ್ಥಾಪನೆಯಾದ ಸಿಡ್ಕೋಗಾಗಿ 95 ಹಳ್ಳಿಗಳ ಜಮೀನನ್ನು ಸ್ವಾಧೀನಕ್ಕೆ ಗುರುತಿಸಲಾಯಿತು. ಪರಿಹಾರಕ್ಕಾಗಿ ಡಿ. ಬಿ. ಪಾಟೀಲರ ನೇತೃತ್ವದಲ್ಲಿ ನಡೆದ ಹೋರಾಟದಲ್ಲಿ, 1984ರ ಜನವರಿಯಲ್ಲಿ ಉರಣದ ಜಾಸಯಿ ಕಡೆ ಪೊಲೀಸರ ಗುಂಡಿಗೆ ಐವರು ಬಲಿಯಾದರು. ಕಳೆದುಕೊಂಡ ಜಮೀನಿನ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿ ಮರಳಿ ಕೊಡುವ ಯೋಜನೆಯ ಹಿಂದೆ ಇದ್ದದ್ದು ಈ ಹೋರಾಟ. ಅಷ್ಟರಲ್ಲಿ ಹಳ್ಳಿಯ ಕುಟುಂಬಗಳು ಬೆಳೆದಿದ್ದವು, ಗಾವಠಾಣದ ಗಡಿ ಮಾತ್ರ ಬೆಳೆದಿರಲಿಲ್ಲ. ಮಗನಿಗೆಂದು ಅಂಗಳದಾಚೆ ಕಟ್ಟಿದ ಕೋಣೆ ಕಾಗದದಲ್ಲಿ ಸಿಡ್ಕೋ ಜಮೀನಿನ ಅತಿಕ್ರಮಣವಾಯಿತು. ಈ ಅಗತ್ಯದ ಮನೆಗಳ ಜೊತೆಗೇ ಲಾಭದ ಕಟ್ಟಡಗಳೂ ನುಸುಳಿದವು. 2015ರಲ್ಲಿ ದಿಘಾದ 99 ಅನಧಿಕೃತ ಕಟ್ಟಡಗಳ ಪ್ರಕರಣ ಹೈಕೋರ್ಟಿನಲ್ಲಿ ನಡೆದಾಗ ಬೀದಿಗೆ ಬಂದವರು ಅವನ್ನು ನಂಬಿ ಕೊಂಡವರು.

ಪರವಾನಗಿ ಎಂದರೆ ಬರೀ ಕಾಗದ ಎಂದುಕೊಂಡವರಿಗೆ 2013ರ ಏಪ್ರಿಲ್ 4 ಉತ್ತರ ಕೊಟ್ಟಿತು. ಮುಂಬ್ರಾ ಬಳಿಯ ಶೀಳ್ ಫಾಟಾದಲ್ಲಿ, ಲಕ್ಕಿ ಕಂಪೌಂಡ್ ಎಂಬಲ್ಲಿ, ಕೆಲವೇ ತಿಂಗಳಲ್ಲಿ ಎಬ್ಬಿಸಿದ್ದ ಅನಧಿಕೃತ ಕಟ್ಟಡ ಕುಸಿದು 74 ಜನ ಸತ್ತರು. ಮೇಲೆ ಇನ್ನೂ ಕೆಲಸ ನಡೆಯುತ್ತಿತ್ತು, ಕೆಳಗಿನ ಮಹಡಿಗಳಲ್ಲಿ ಆಗಲೇ ಜನರಿದ್ದರು. ಬಿಲ್ಡರುಗಳ ಜೊತೆ ಪಾಲಿಕೆಯ ಉಪ ಆಯುಕ್ತರೊಬ್ಬರೂ ಬಂಧಿತರಾದರು. ಪರವಾನಗಿ ಇದ್ದಿದ್ದರೆ ಅಡಿಪಾಯ, ಕಂಬ, ಕಬ್ಬಿಣದ ಲೆಕ್ಕಕ್ಕೆ ಹೆಸರು ಹಾಕಿ ಹೊಣೆ ಹೊರುವ ಎಂಜಿನಿಯರ್ ಒಬ್ಬರು ಇರಬೇಕಾಗುತ್ತಿತ್ತು.

ಇದಕ್ಕೂ ಮೊದಲೇ ನಿವೃತ್ತ ನ್ಯಾಯಮೂರ್ತಿ ಅಗ್ಯಾರ್ ಸಮಿತಿ ಕಲ್ಯಾಣ-ಡೊಂಬಿವಲಿಯಲ್ಲಿ 67 ಸಾವಿರಕ್ಕೂ ಹೆಚ್ಚು ಅನಧಿಕೃತ ನಿರ್ಮಾಣಗಳನ್ನು ಲೆಕ್ಕ ಹಾಕಿತ್ತು. ಇಂಥ ಮನೆಗಳಿಂದಲೂ ಪಾಲಿಕೆ ತೆರಿಗೆ ಪಡೆಯುತ್ತದೆ. ಮೇಲೆ ಶಾಸ್ತಿ ಎಂಬ ದಂಡ ಹಾಕಲೂ ಕಾನೂನಿದೆ. ಆದರೆ ತೆರಿಗೆ ಕಟ್ಟಿದ ಮಾತ್ರಕ್ಕೆ ಮನೆ ಸಕ್ರಮವಾಗುವುದಿಲ್ಲ. ರಶೀದಿಯನ್ನೇ ಹಕ್ಕುಪತ್ರವೆಂದು ಜೋಪಾನ ಮಾಡಿದವರಿಗೆ ಇದು ನೋಟಿಸು ಬಂದ ದಿನ ಗೊತ್ತಾಗುತ್ತದೆ.

2017ರಲ್ಲಿ ರೇರಾ ಬಂದಾಗ ಇನ್ನು ಭಯವಿಲ್ಲ ಎಂದು ಎಲ್ಲರೂ ಅಂದುಕೊಂಡರು. ಆದರೆ ಡೊಂಬಿವಲಿ ಪ್ರದೇಶದ 65 ಕಟ್ಟಡಗಳಿಗೆ ಪಾಲಿಕೆಯ ಹೆಸರಿನಲ್ಲಿ ನಕಲಿ ಪರವಾನಗಿ ತಯಾರಿಸಿ, ಅದನ್ನೇ ತೋರಿಸಿ ಮಹಾರೇರಾದಲ್ಲಿ ನೋಂದಣಿ ಮಾಡಿಸಿದ್ದು ಬಯಲಾಯಿತು. 2024ರ ನವೆಂಬರ್ 19ರಂದು ಬಾಂಬೆ ಹೈಕೋರ್ಟು ಅವನ್ನು ಮೂರು ತಿಂಗಳಲ್ಲಿ ಕೆಡವಲು ಆದೇಶಿಸಿತು. ಮುದ್ರಾಂಕ ಶುಲ್ಕ ಕಟ್ಟಿದ ಕರಾರು, ಬ್ಯಾಂಕಿನ ಸಾಲ, ರೇರಾ ಸಂಖ್ಯೆ, ಎಲ್ಲವನ್ನೂ ತೋರಿಸಬಲ್ಲವರು ಆ ನಿವಾಸಿಗಳಲ್ಲಿದ್ದರು. ಅಷ್ಟೂ ಕಚೇರಿಗಳು ಮೊದಲಿನ ಒಂದು ಕಾಗದ ಸರಿಯಿದೆ ಎಂದು ನಂಬಿ ಮುಂದುವರಿದಿದ್ದವು. ನಗರರಚನಾ ವಿಭಾಗದ ದಫ್ತರಿನಲ್ಲಿ ಆ ಪರವಾನಗಿ ನಿಜವಾಗಿ ಇದೆಯೇ ಎಂದು ಮೊದಲೇ ಕೇಳಿದವರು ಯಾರೂ ಇರಲಿಲ್ಲ.

ಈಗ ಅರ್ಜಿ ಆನ್‌ಲೈನ್ ಆಗಿದೆ. 2020ರ ಡಿಸೆಂಬರಿನಿಂದ ಮುಂಬಯಿ ಬಿಟ್ಟು ರಾಜ್ಯದ ಬಹುಪಾಲಿಗೆ ಒಂದೇ ನಿಯಮಾವಳಿ ಇದೆ. ಕಟ್ಟುವವನಿಗೆ ದಾರಿ ಸುಗಮವಾಯಿತು. ಕೊಳ್ಳುವವನು ಮಾತ್ರ ಇಂದಿಗೂ ಬಿಲ್ಡರ್ ಕೊಟ್ಟ ಜೆರಾಕ್ಸ್ ಪ್ರತಿ ಹಿಡಿದು ತಾನೇ ಪಾಲಿಕೆಗೆ ಹೋಗಿ, ಈ ಸಂಖ್ಯೆಯ ಸಿಸಿ ನಿಮ್ಮದೇ ಹೌದೇ, ಎಷ್ಟು ಮಹಡಿಗೆ ಕೊಟ್ಟಿದ್ದೀರಿ ಎಂದು ಕೇಳುವುದೇ ಕ್ಷೇಮ. ಅದಕ್ಕೆ ಅರ್ಧ ದಿನದ ರಜೆ ಹೋಗಬಹುದು. ಆ 65 ಕಟ್ಟಡಗಳಲ್ಲಿ ಹಣ ಹಾಕಿದವರು ಕಳೆದುಕೊಳ್ಳಬೇಕಾಗಿ ಬಂದದ್ದು ಇಡೀ ಮನೆಯನ್ನು.