ಹನ್ನೊಂದು ಅಡಿಯ ಕಟ್ಟು: ಮಾಥ್ ಹಾಯಿದೋಣಿಯ ನಿಯಮ ಮತ್ತು ರೂಪ

ಪಂದ್ಯದ ಹಾಯಿದೋಣಿಗಳಲ್ಲಿ ಮುಖ್ಯವಾಗಿ ಎರಡು ಬಗೆಯ ವರ್ಗಗಳಿವೆ. ಮೊದಲ ಬಗೆಯಲ್ಲಿ ಎಲ್ಲರ ದೋಣಿಯೂ ಒಂದೇ ಅಚ್ಚಿನದು. ಗೆಲುವನ್ನು ಓಡಿಸುವವನ ಕೌಶಲಕ್ಕೆ ಬಿಟ್ಟಿರುತ್ತಾರೆ. ಬ್ರೂಸ್ ಕರ್ಬಿ ವಿನ್ಯಾಸಗೊಳಿಸಿದ ಲೇಸರ್ ಇದಕ್ಕೆ ಹೆಸರಾದ ಉದಾಹರಣೆ. ಎರಡನೆಯ ಬಗೆಯಲ್ಲಿ ಕೆಲವು ಅಳತೆಗಳಿಗಷ್ಟೇ ಮಿತಿ ಇರುತ್ತದೆ, ಮಿಕ್ಕದ್ದು ವಿನ್ಯಾಸಕನಿಗೆ ಬಿಟ್ಟದ್ದು. ಇಂಟರ್‌ನ್ಯಾಷನಲ್ ಮಾಥ್ ಈ ಎರಡನೆಯ ಗುಂಪಿನದು. ನೀರಿನಿಂದ ಮೇಲೆದ್ದು ಹಾರುವ ಈ ದೋಣಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅದರ ನಿಯಮಗಳ ಸಡಿಲತೆಯನ್ನು ಹೊಗಳುತ್ತಾರೆ. ಆ ಹೊಗಳಿಕೆ ಅರ್ಧ ಮಾತ್ರ ಸರಿ ಎಂಬುದು ಈ ಟಿಪ್ಪಣಿಯ ವಾದ. ದೋಣಿಯ ಇಂದಿನ ರೂಪವನ್ನು ತೀರ್ಮಾನಿಸಿದ್ದರಲ್ಲಿ ಎರಡು ನಿರ್ಬಂಧಗಳ ಪಾಲು ದೊಡ್ಡದು: ಉದ್ದದ ಮಿತಿ ಮತ್ತು ಬಹು ಒಡಲಿನ ನಿಷೇಧ.

ಮೂಲ ಎರಡು ಕಡೆ ಇದೆ. 1928ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದ ಇನ್ವರ್ಲಾಕ್‌ನಲ್ಲಿ ಲೆನ್ ಮಾರಿಸ್ ಎಂಬಾತ ‘ಆಲಿವ್’ ಎಂಬ ಒಂಟಿ ಹಾಯಿಯ, ಮೊಂಡು ಮೂತಿಯ, ಹನ್ನೊಂದು ಅಡಿಯ ದೋಣಿ ಕಟ್ಟಿದ. ಮರುವರ್ಷ, ಇದರ ಸುಳಿವಿಲ್ಲದೆಯೇ, ಅಮೆರಿಕದ ಉತ್ತರ ಕೆರೊಲಿನಾದ ಎಲಿಜಬೆತ್ ಸಿಟಿಯಲ್ಲಿ ಜೋಯೆಲ್ ವ್ಯಾನ್ ಸ್ಯಾಂಟ್ ‘ಜಂಪಿಂಗ್ ಜುನಿಪರ್’ ಎಂಬ ಅಷ್ಟೇ ಉದ್ದದ ದೋಣಿಯನ್ನು ನೀರಿಗಿಳಿಸಿದ. ಎರಡೂ ಪರಂಪರೆಗಳು ಬೇರೆಬೇರೆಯಾಗಿ ಬೆಳೆದು 1970ರ ದಶಕದ ಆರಂಭದಲ್ಲಿ ಒಂದೇ ನಿಯಮಾವಳಿಯಡಿ ಬಂದವು. ನಿಯಮದ ತಿರುಳು ಚಿಕ್ಕದು: ಒಡಲಿನ ಉದ್ದ 3355 ಮಿಲಿಮೀಟರ್ ಮೀರಬಾರದು, ಒಟ್ಟು ಅಗಲ 2250 ಮಿಲಿಮೀಟರ್ ಮೀರಬಾರದು, ಹಾಯಿಯ ವಿಸ್ತೀರ್ಣ ಬಹುಕಾಲ 8 ಚದರ ಮೀಟರ್, ಒಡಲು ಒಂದೇ ಇರಬೇಕು. ಒಡಲಿನ ಆಕಾರದ ಬಗ್ಗೆ, ಕಟ್ಟುವ ಸಾಮಗ್ರಿಯ ಬಗ್ಗೆ, ಕನಿಷ್ಠ ತೂಕದ ಬಗ್ಗೆ ಇಂದಿನ ನಿಯಮ ಮೌನವಾಗಿದೆ.

ಉದ್ದದ ಮಿತಿಯ ಪರಿಣಾಮವನ್ನು ಲೆಕ್ಕ ಹಾಕಿಯೇ ನೋಡಬಹುದು. ನೀರನ್ನು ಸೀಳಿಕೊಂಡು ಸಾಗುವ ದೋಣಿ ತಾನೆಬ್ಬಿಸಿದ ಅಲೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಆ ಹಂತದ ವೇಗ ನಾಟ್‌ಗಳಲ್ಲಿ, ನೀರಮಟ್ಟದ ಉದ್ದದ (ಅಡಿಗಳಲ್ಲಿ) ವರ್ಗಮೂಲದ ಸುಮಾರು 1.34 ಪಟ್ಟು. ಹನ್ನೊಂದು ಅಡಿಗೆ ಇದು 4.4 ನಾಟ್, ಎಂದರೆ ಗಂಟೆಗೆ ಎಂಟು ಕಿಲೋಮೀಟರ್ ಚಿಲ್ಲರೆ. ದೋಣಿಯನ್ನು ಉದ್ದ ಮಾಡಿ ಈ ತಡೆಯನ್ನು ಹಿಂದಕ್ಕೆ ತಳ್ಳುವ ಸುಲಭದ ದಾರಿ ಮಾಥ್ ವಿನ್ಯಾಸಕನಿಗೆ ಮುಚ್ಚಿದೆ. ಅವನಿಗೆ ಉಳಿದದ್ದು ಮೂರು ದಾರಿ: ನೀರಿನ ಮೇಲೆ ಜಾರುವ ಚಪ್ಪಟೆ ಒಡಲು, ಅಲೆಯನ್ನೇ ಹೆಚ್ಚು ಎಬ್ಬಿಸದ ತೆಳ್ಳನೆಯ ಒಡಲು, ಇಲ್ಲವೇ ಒಡಲನ್ನೇ ನೀರಿನಿಂದ ಹೊರಗೆತ್ತುವುದು. ಮಾಥ್‌ನ ಚರಿತ್ರೆ ಈ ಮೂರನ್ನೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಮೆಟ್ಟಿ ಬಂದಿದೆ. ಆಸ್ಟ್ರೇಲಿಯದ ಮೊಂಡು ಮೂತಿಯ ದೋಣಿ ಮೊದಲನೆಯದು. 1980ರ ದಶಕದಿಂದ ಮೇಲುಗೈ ಪಡೆದದ್ದು ಎರಡನೆಯದು: ನೀರಮಟ್ಟದಲ್ಲಿ ಸುಮಾರು ಒಂದಡಿ ಅಗಲದ ಒಡಲು, ಅದರ ಎರಡೂ ಬದಿಗೆ ಓಡಿಸುವವನು ಕೂರಲು ಚಾಚಿದ ರೆಕ್ಕೆಗಳು. ನಿಂತಲ್ಲಿ ಮಗುಚಿಕೊಳ್ಳುವ ಈ ದೋಣಿಯನ್ನು ಓಡಿಸುವುದು ಸೈಕಲ್ ಕಲಿತಂತೆ, ಚಲಿಸುತ್ತಿದ್ದರಷ್ಟೇ ಸಮತೋಲ.

ಮೂರನೆಯ ದಾರಿಯ ಕಥೆ ಹೆಚ್ಚು ಕುತೂಹಲದ್ದು. ಸಿಡ್ನಿಯ ಇಯಾನ್ ವಾರ್ಡ್ 1990ರ ದಶಕದ ಕೊನೆಯ ಹೊತ್ತಿಗೆ ದೋಣಿಯ ನಡುರೇಖೆಯಲ್ಲಿರುವ ಫಾಯಿಲ್‌ಗಳ (ನೀರಿನೊಳಗೆ ಸಾಗುತ್ತ ದೋಣಿಯನ್ನು ಮೇಲೆತ್ತುವ ರೆಕ್ಕೆಗಳ) ಮೇಲೆಯೇ ಹಾರಬಹುದೆಂದು ತೋರಿಸಿದ್ದ. ಆದರೆ ವಿಶ್ವ ಚಾಂಪಿಯನ್‌ಷಿಪ್‌ನ ಸುತ್ತೊಂದನ್ನು ಮೊದಲು ಗೆದ್ದ ಹಾರುವ ಮಾಥ್‌ನ ಏರ್ಪಾಡು ಬೇರೆಯದು. ಬ್ರೆಟ್ ಬರ್ವಿಲ್‌ನ ಆ ದೋಣಿಯಲ್ಲಿ ಓರೆಯಾಗಿ ಇಳಿದು ನೀರಿನ ಮೇಲ್ಮೈಯನ್ನು ಸೀಳಿ ನಿಲ್ಲುವ ಫಾಯಿಲ್‌ಗಳಿದ್ದವು. ತಾಂತ್ರಿಕವಾಗಿ ಇದು ಸರಳ ಉಪಾಯ. ದೋಣಿ ಮೇಲೇರಿದಂತೆ ನೀರಿನಲ್ಲಿರುವ ಫಾಯಿಲ್‌ನ ಭಾಗ ಕಡಿಮೆಯಾಗಿ, ಎತ್ತುವ ಬಲವೂ ತಾನಾಗಿ ತಗ್ಗುತ್ತದೆ. ಎತ್ತರವನ್ನು ಕಾಯಲು ಬೇರೆ ಯಂತ್ರ ಬೇಕಿಲ್ಲ. ಪಕ್ಕಕ್ಕೆ ವಾಲದಂತೆ ಆಸರೆಯೂ ಸಿಗುತ್ತದೆ. ಆ ಆಸರೆಯೇ ತಕರಾರಿಗೆ ಕಾರಣವಾಯಿತು. ಇಂಥ ಜೋಡಣೆ ದೋಣಿಯನ್ನು ಬಹು ಒಡಲಿನದನ್ನಾಗಿ ಮಾಡುತ್ತದೆಂದು ಬಗೆದು ವರ್ಗವು ಅದನ್ನು ಹೊರಗಿಟ್ಟಿತು.

ಹೀಗಾಗಿ ನಡುರೇಖೆಯೊಂದೇ ಉಳಿಯಿತು. ಪರ್ತ್‌ನ ಗಾರ್ತ್ ಮತ್ತು ಜಾನ್ ಇಲೆಟ್ ಸಹೋದರರು ಒಡಲಿನ ನಡುವಿನಿಂದ ನೀರಿಗಿಳಿಯುವ ಹಲಗೆಯಾದ ಡ್ಯಾಗರ್‌ಬೋರ್ಡಿನ ತುದಿಗೊಂದು, ಚುಕ್ಕಾಣಿಯ ತುದಿಗೊಂದು ತಲೆಕೆಳಗಾದ ‘ಟಿ’ ಆಕಾರದ ಫಾಯಿಲ್ ಕೂರಿಸಿ, ಅದನ್ನು ಮಾರಾಟಕ್ಕೆ ಸಿಗುವ ದೋಣಿಯಾಗಿಸಿದರು. ಪೂರ್ತಿ ಮುಳುಗಿರುವ ಫಾಯಿಲ್‌ಗೆ ತನ್ನ ಎತ್ತರ ತಿಳಿಯದು. ಬಿಟ್ಟರೆ ನೀರಿನಿಂದಾಚೆ ಜಿಗಿದು ಬೀಳುತ್ತದೆ. ಅದಕ್ಕೆಂದೇ ಮೂತಿಯಿಂದ ಇಳಿಬಿಟ್ಟ ಒಂದು ಕಡ್ಡಿ ನೀರಿನ ಮೇಲ್ಮೈಯನ್ನು ಸವರುತ್ತಿರುತ್ತದೆ. ದೋಣಿ ತಗ್ಗಿದರೆ ನೀರು ಕಡ್ಡಿಯನ್ನು ಹಿಂದಕ್ಕೆ ತಳ್ಳುತ್ತದೆ, ಸರಳುಗಳ ಮೂಲಕ ಆ ಚಲನೆ ಮುಂದಿನ ಫಾಯಿಲ್‌ನ ಹಿಂಬದಿಯ ಮಡಿಕೆಯನ್ನು (ಫ್ಲ್ಯಾಪ್) ಕೆಳಗಿಳಿಸುತ್ತದೆ, ಎತ್ತುವ ಬಲ ಹೆಚ್ಚುತ್ತದೆ. ದೋಣಿ ಮೇಲೇರಿದರೆ ಕಡ್ಡಿ ಮತ್ತೆ ಕೆಳಗೆ ತೂಗಿ, ಮಡಿಕೆ ಮೇಲಕ್ಕೆ ಸರಿಯುತ್ತದೆ. ವಿದ್ಯುತ್ತಿಲ್ಲ, ಗಣಕವಿಲ್ಲ. ಹಿಂದಿನ ಫಾಯಿಲ್‌ನ ಕೋನವನ್ನು ಓಡಿಸುವವನು ಚುಕ್ಕಾಣಿಯ ಹಿಡಿಕೋಲನ್ನು ತಿರುಚಿ ಬದಲಿಸುತ್ತಾನೆ.

ಪಕ್ಕದ ಆಸರೆ ತಪ್ಪಿದ್ದು ಓಡಿಸುವ ರೀತಿಯನ್ನೂ ಬದಲಿಸಿತು. ಹಾಯಿದೋಣಿ ಗಾಳಿ ಹೋಗುವ ಕಡೆಗೆ ವಾಲುವುದು ಸಹಜ. ಮಾಥ್ ಗಾಳಿಗೆ ಎದುರೇರುವಾಗ ಅದನ್ನು ಬೇಕೆಂದೇ ಗಾಳಿ ಬರುವ ಕಡೆಗೆ ವಾಲಿಸುತ್ತಾರೆ. ಆಗ ಫಾಯಿಲ್‌ನ ಬಲದ ಒಂದಂಶ ಗಾಳಿಗೆದುರಾಗಿ ತಳ್ಳಿ, ದೋಣಿ ಪಕ್ಕಕ್ಕೆ ಜಾರುವುದನ್ನು ತಡೆಯುತ್ತದೆ. ದೇಹದ ಮತ್ತು ದೋಣಿಯ ತೂಕ ಹೊರಗೆ ಸರಿದು ಹಾಯಿಯ ಸೆಳೆತಕ್ಕೆ ಎದುರು ನಿಲ್ಲುತ್ತದೆ. ಪಕ್ಕದ ಫಾಯಿಲ್‌ಗಳಿಗೆ ಅನುಮತಿ ಸಿಕ್ಕಿದ್ದರೆ ಈ ಭಂಗಿಯನ್ನು ಹುಡುಕುವ ಅಗತ್ಯ ಯಾರಿಗೂ ಬೀಳುತ್ತಿರಲಿಲ್ಲ ಎಂದೇ ನನ್ನ ಊಹೆ. 2005ರಲ್ಲಿ ರೋಹನ್ ವೀಲ್ ಇಲೆಟ್ ಮಾದರಿಯ ದೋಣಿಯಲ್ಲಿ ವಿಶ್ವ ಚಾಂಪಿಯನ್ ಆದ ಮೇಲೆ ಹಾರದ ಮಾಥ್‌ಗಳಿಗೆ ಮುಂಚೂಣಿಯಲ್ಲಿ ಜಾಗವಿಲ್ಲದಾಯಿತು. ಹನ್ನೊಂದು ಅಡಿಯ ದೋಣಿಯ ವೇಗ ಈಗ 30 ನಾಟ್ ದಾಟಿದೆ.

ನಿಷೇಧವೆಲ್ಲ ಹೀಗೆ ಫಲ ಕೊಡುತ್ತದೆಂದು ಹೇಳುವಂತಿಲ್ಲ. ಇಂಗ್ಲೆಂಡಿನಲ್ಲಿ 1938ರಲ್ಲಿ ಪೀಟರ್ ಸ್ಕಾಟ್ ಮತ್ತು ಜಾನ್ ವಿಂಟರ್ ಹಾಯಿಗಂಬದಿಂದ ಇಳಿದ ತಂತಿಗೆ ಜೋತು ದೋಣಿಯಾಚೆ ಮೈಚಾಚುವ ಟ್ರಪೀಜ್ ಬಳಸಿ, ಇಂಟರ್‌ನ್ಯಾಷನಲ್ 14 ವರ್ಗದ ಪ್ರಿನ್ಸ್ ಆಫ್ ವೇಲ್ಸ್ ಕಪ್ ಗೆದ್ದರು. ಬೆನ್ನಲ್ಲೇ ಆ ಸಲಕರಣೆಯನ್ನು ನಿಷೇಧಿಸಲಾಯಿತು. ಮತ್ತೆ ಅನುಮತಿ ಸಿಗಲು ಸುಮಾರು ಮೂರು ದಶಕ ಹಿಡಿಯಿತು. ಎರಡಕ್ಕೂ ಇರುವ ವ್ಯತ್ಯಾಸ ಗಮನಿಸಬೇಕಾದದ್ದು. ಅಲ್ಲಿ ಮುಚ್ಚಿದ್ದು ಇಡೀ ಉಪಾಯವನ್ನು. ಮಾಥ್ ವರ್ಗ ಮುಚ್ಚಿದ್ದು ಒಂದು ಜೋಡಣೆಯನ್ನಷ್ಟೇ. ಹಾರುವುದಕ್ಕೆ ಅದು ಅಡ್ಡ ಬರಲಿಲ್ಲ.

ಇನ್ನೊಂದು ಸಂಗತಿ. ಬೆಳೆಯುತ್ತಲೇ ಇರುವ ಈ ವರ್ಗದಿಂದ ಆಗಾಗ ಒಂದೊಂದು ಮಾದರಿ ಬೇರ್ಪಟ್ಟು ಒಂದೇ ಅಚ್ಚಿನ ವರ್ಗವಾಗಿ ನೆಲೆಗೊಂಡಿದೆ. 1930ರ ದಶಕದ ಬ್ರಿಟಿಷ್ ಮಾಥ್ ಹಾಗೆ ಉಳಿಯಿತು. 1960ರ ದಶಕದಲ್ಲಿ ಬೆಲ್ಜಿಯಂನ ಅಲೋಯಿಸ್ ರೋಲಾನ್‌ನ ವಿನ್ಯಾಸ ‘ಯುರೋಪ್’ ಎಂಬ ಹೆಸರಿನಲ್ಲಿ ಬೇರೆಯಾಗಿ, 1992ರಿಂದ 2004ರವರೆಗೆ ಮಹಿಳೆಯರ ಒಲಿಂಪಿಕ್ ದೋಣಿಯಾಯಿತು. ಹಾರುವ ಕಾಲದಲ್ಲೂ ಅದೇ ನಡೆದಿದೆ: ಬ್ಲೇಡ್‌ರೈಡರ್, ಮ್ಯಾಕ್ 2 ಮಾದರಿಗಳನ್ನು ರೂಪಿಸಿ ಮಾಥ್ ಪಂದ್ಯಗಳ ಗತಿಯನ್ನೇ ಬದಲಿಸಿದ ಆಂಡ್ರ್ಯೂ ಮೆಕ್‌ಡೂಗಲ್, ಮುಂದೆ ‘ವಾಸ್ಪ್’ ಎಂಬ ಒಂದೇ ಅಚ್ಚಿನ ಹಾರುವ ದೋಣಿಯನ್ನು ತಾನೇ ಹೊರತಂದ.