ಕಲ್ಯಾಣದ ವಿನೋದಶಾಸ್ತ್ರವೂ ಹಳೆಯ ಆಟಗಳ ರಸಿಕಾಭಿಪ್ರಾಯಗಳೂ

ಬಸವಕಲ್ಯಾಣ ಮತ್ತು ಹುಮನಾಬಾದು ಸೀಮೆಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ರಾಜ್ಯಗಳ ಏಳುಬೀಳುಗಳನ್ನೂ ಧರ್ಮದ ಆಂದೋಲನಗಳನ್ನೂ ಕುರಿತೇ ಬರೆದಿರುವರು. ಇದು ಸಹಜವೇ ಆಗಿದೆ. ಕಲ್ಯಾಣವು ಚಾಳುಕ್ಯರ ರಾಜಧಾನಿಯಾಗಿದ್ದಿತು. ಬಿಲ್ಹಣನು ಕಾವ್ಯವನ್ನೂ ವಿಜ್ಞಾನೇಶ್ವರನು ಮಿತಾಕ್ಷರೆಯನ್ನೂ ರಚಿಸಿದ್ದು ಆ ರಾಜಾಶ್ರಯದಲ್ಲಿ. ಹನ್ನೆರಡನೆಯ ಶತಮಾನದ ಶಿವಶರಣರ ಮಹಾಕಾರ್ಯಕ್ಕೆ ರಂಗಸ್ಥಲವಾದದ್ದೂ ಅದೇ ಪಟ್ಟಣ. ಅದೇ ಸೀಮೆಯ ಗೋರ್ಟಾ ಗ್ರಾಮದ ಹೆಸರು ೧೯೪೮ನೆಯ ಇಸವಿಯ ಮೇ ತಿಂಗಳಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡದಿಂದ ಚರಿತ್ರೆಯಲ್ಲಿ ಉಳಿದಿದೆ. ಇಷ್ಟು ಭಾರವಾದ ಸಂಗತಿಗಳಿರುವಲ್ಲಿ, ಆ ನೆಲದ ಜನರು ಬಿಡುವಿನ ಹೊತ್ತಿನಲ್ಲಿ ಏನನ್ನು ಆಡುತ್ತಿದ್ದರು, ಏನನ್ನು ನೋಡಿ ನಲಿಯುತ್ತಿದ್ದರು, ಆಟಗಳಲ್ಲಿ ಯಾವುದನ್ನು ಮೇಲೆಂದು ಎಣಿಸುತ್ತಿದ್ದರು ಎಂದು ಕೇಳುವುದು ಹಗುರವಾಗಿ ತೋರಬಹುದು. ಆದರೆ ಈ ಪ್ರಶ್ನೆಯನ್ನು ಹಗುರವೆಂದು ಭಾವಿಸದೆ, ರಾಜನೀತಿಯನ್ನು ಹೇಳಿದ ಗ್ರಂಥದಲ್ಲಿಯೇ ಅದಕ್ಕೆ ಎಡೆಗೊಟ್ಟವನು ಕಲ್ಯಾಣದ ಒಬ್ಬ ಚಕ್ರವರ್ತಿಯೇ ಎಂಬುದನ್ನು ನಾವು ಮರೆಯಲಾಗದು.

ಆಟವೊಂದರ ನಿಯಮಗಳು ಉಳಿದ ಮಾತ್ರಕ್ಕೆ ಆಟವು ಉಳಿದಂತಾಗುವುದಿಲ್ಲ. ಅದನ್ನು ಆಡಿದವರ ಅಭಿಪ್ರಾಯಗಳೂ ಉಳಿದರೆ ಮಾತ್ರ ಅದರ ಸ್ವರೂಪವು ಮುಂದಿನವರಿಗೆ ತಿಳಿಯುವುದು. ಇದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ. ಇದಕ್ಕಾಗಿ ಕಲ್ಯಾಣದ ಗ್ರಂಥವನ್ನೂ ಮೈಸೂರಿನ ಅರಮನೆಯ ಸಂಗ್ರಹವನ್ನೂ, ಕಡೆಗೆ ನಮ್ಮ ಕಾಲದ ಹಳೆಯ ವಿಡಿಯೋ ಆಟಗಳು ಮತ್ತು ಮನೆಯಲ್ಲಿ ನೋಡುವುದಕ್ಕಾಗಿ ಹೊರಬಂದ ಜಪಾನೀ ಅನಿಮೆ ಚಿತ್ರಗಳ ವಿಷಯದಲ್ಲಿ ರಸಿಕರು ನಡೆಸುತ್ತಿರುವ ಚರ್ಚೆಯನ್ನೂ ಅನುಕ್ರಮವಾಗಿ ಪರಿಶೀಲಿಸುವೆವು.

೧. ಮಾನಸೋಲ್ಲಾಸ

ಭೂಲೋಕಮಲ್ಲನೆಂಬ ಬಿರುದುಳ್ಳ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೨೬ರಿಂದ ೧೧೩೮ರ ವರೆಗೆ ಕಲ್ಯಾಣದಲ್ಲಿ ರಾಜ್ಯವಾಳಿದನು. ಅಭಿಲಷಿತಾರ್ಥಚಿಂತಾಮಣಿಯೆಂಬ ಹೆಸರೂ ಉಳ್ಳ ಅವನ ಮಾನಸೋಲ್ಲಾಸದಲ್ಲಿ ಶಕ ೧೦೫೧, ಎಂದರೆ ಕ್ರಿ. ಶ. ೧೧೨೯ರ ಉಲ್ಲೇಖವಿರುವುದರಿಂದ ಗ್ರಂಥದ ಕಾಲವು ನಿಶ್ಚಿತವಾಗಿದೆ. ಗ್ರಂಥದಲ್ಲಿ ಐದು ವಿಂಶತಿಗಳು. ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳಂತೆ ಒಟ್ಟು ನೂರು. ಮೊದಲೆರಡು ವಿಂಶತಿಗಳು ರಾಜ್ಯವನ್ನು ಪಡೆಯುವ ಮತ್ತು ಸ್ಥಿರಪಡಿಸುವ ಬಗೆಯನ್ನೂ ಮೂರನೆಯದು ಉಪಭೋಗಗಳನ್ನೂ ಹೇಳಿದರೆ, ನಾಲ್ಕನೆಯದು ವಿನೋದಗಳಿಗೂ ಐದನೆಯದು ಕ್ರೀಡೆಗಳಿಗೂ ಮೀಸಲಾಗಿವೆ. ಗ್ರಂಥದ ಐದರಲ್ಲಿ ಎರಡು ಪಾಲು ಮನೋರಂಜನೆಗೇ ಸಂದಿದೆಯೆಂಬುದು ಗಮನಾರ್ಹವಾದ ಸಂಗತಿ.

ವಿನೋದಗಳಲ್ಲಿ ಗಜ, ತುರಗ, ಮಲ್ಲ, ಕುಕ್ಕುಟ, ಮೇಷ, ಗೀತ, ವಾದ್ಯ, ನೃತ್ಯ, ಕಥಾ ಮೊದಲಾದವು ಬಂದಿವೆ. ಇವು ಬಹುಮಟ್ಟಿಗೆ ನೋಡುವಂಥವು, ಕೇಳುವಂಥವು. ಕ್ರೀಡೆಗಳಲ್ಲಿ ವನಕ್ರೀಡೆ, ಉಯ್ಯಾಲೆ, ಜಲಕ್ರೀಡೆ, ಒಗಟು, ಚತುರಂಗ, ಪಾಶಕ, ಕವಡೆಯಾಟ ಮುಂತಾದವು ಬಂದಿವೆ. ಇವು ತಾನೇ ಆಡುವಂಥವು. ನೋಟಕನ ಸುಖ ಬೇರೆ, ಆಟಗಾರನ ಸುಖ ಬೇರೆ ಎಂಬ ಈ ವಿಭಾಗದಲ್ಲಿಯೇ ಸೋಮೇಶ್ವರನ ವಿವೇಕವು ಕಾಣುವುದು. ಗೀತವಿನೋದದಲ್ಲಿ ಅವನು ಸಂಸ್ಕೃತವೊಂದಕ್ಕೇ ನಿಲ್ಲದೆ ದೇಶಭಾಷೆಗಳ ಹಾಡುಗಳಿಗೂ ಸ್ಥಳವಿತ್ತಿರುವನು. ವಿನೋದವು ಆಯಾ ಜನರ ನುಡಿಯಲ್ಲಿಯೇ ನೆಲೆಗೊಳ್ಳುವುದೆಂಬ ಅರಿವು ಅವನಿಗಿದ್ದಿತೆಂದು ಇದರಿಂದ ಊಹಿಸಬಹುದು.

ಇಂಥ ಗ್ರಂಥದ ಗತಿ ಏನಾಯಿತು? ಬರೋಡೆಯ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ ಜಿ. ಕೆ. ಶ್ರೀಗೊಂಡೇಕರರು ಇದರ ಮೊದಲನೆಯ ಸಂಪುಟವನ್ನು ೧೯೨೫ರಲ್ಲಿಯೂ ಎರಡನೆಯದನ್ನು ೧೯೩೯ರಲ್ಲಿಯೂ ಪ್ರಕಟಿಸಿದರು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ೧೯೨೬ರಲ್ಲಿ ಮೊದಲ ಭಾಗವನ್ನು ಅಚ್ಚುಮಾಡಿಸಿದರು. ಕ್ರೀಡಾವಿಂಶತಿಯನ್ನೊಳಗೊಂಡ ಮೂರನೆಯ ಸಂಪುಟವು ೧೯೬೧ರ ವರೆಗೆ ಕಾಯಬೇಕಾಯಿತು. ಅದರಲ್ಲಿಯ ಚತುರಂಗದ ಅಧ್ಯಾಯವನ್ನು ಜರ್ಮನಿಯ ಆಂದ್ರೇಯಾಸ್ ಬೋಕ್-ರಾಮಿಂಗ್ ಎಂಬ ವಿದ್ವಾಂಸರು ೧೯೯೬ರಲ್ಲಿ ವಿಶೇಷವಾಗಿ ಅಭ್ಯಸಿಸಿ, ಅದು ಅದುವರೆಗೆ ಯಾರ ಗಮನಕ್ಕೂ ಬಾರದೆ ಉಳಿದಿದ್ದಿತೆಂದು ತೋರಿಸಿದರು. ರಾಜನೀತಿಯ ಭಾಗವು ಮೊದಲು ಅಚ್ಚಾಯಿತು. ಆಟದ ಭಾಗವು ಕಡೆಗೆ ಅಚ್ಚಾಗಿ, ಅಚ್ಚಾದ ಮೇಲೂ ಮೂವತ್ತೈದು ವರ್ಷ ಓದುಗರಿಗಾಗಿ ಕಾದಿತು. ವಿನೋದವನ್ನು ಕುರಿತ ವಿದ್ವಜ್ಜನರ ಉಪೇಕ್ಷೆಗೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

ಅಧ್ಯಾಯವು ದೊರೆತುದರಿಂದ ಕಲ್ಯಾಣದ ಚತುರಂಗವು ನಮಗೆ ದೊರೆಯಿತೇ? ದೊರೆಯಲಿಲ್ಲವೆಂದೇ ಹೇಳಬೇಕು. ಕಾಯಿಗಳ ನಡೆಯನ್ನು ಗ್ರಂಥವು ತಿಳಿಸುವುದು. ಆದರೆ ಆಡುವವರು ಯಾವ ನಡೆಯನ್ನು ಜಾಣತನವೆಂದು ಮೆಚ್ಚುತ್ತಿದ್ದರು, ಯಾವುದನ್ನು ಹೇಡಿತನವೆಂದು ನಗುತ್ತಿದ್ದರು, ಹಿಂದಿನ ಕಾಲದ ಪದ್ಧತಿಯೇ ಮೇಲೆಂದು ಹಿರಿಯರು ಹೇಗೆ ವಾದಿಸುತ್ತಿದ್ದರು ಎಂಬುದನ್ನು ನಿಯಮಗಳಿಂದ ತಿಳಿಯುವಂತಿಲ್ಲ. ಹುಮನಾಬಾದಿನ ಸಮೀಪದ ಜಲಸಂಗಿಯ ದೇವಾಲಯದಲ್ಲಿ ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತಿರುವ ಶಿಲಾಬಾಲಿಕೆಯೊಬ್ಬಳಿರುವಳು. ಅರಸನ ಕೀರ್ತಿಯನ್ನು ಕಲ್ಲಿನಲ್ಲಿ ಬರೆಯುವುದಕ್ಕೆ ಕೈಯಿದ್ದಿತು. ಆಟಗಾರನ ಮಾತನ್ನು ಬರೆಯುವುದಕ್ಕೆ ಯಾರ ಕೈಯೂ ಇರಲಿಲ್ಲ.

೨. ಮೈಸೂರಿನ ಸಂಗ್ರಹ

ಸೋಮೇಶ್ವರನಿಗೆ ಏಳು ಶತಮಾನಗಳ ತರುವಾಯ ಅದೇ ಅಭಿರುಚಿಯುಳ್ಳ ಮತ್ತೊಬ್ಬ ದೊರೆಯು ಕನ್ನಡ ನಾಡಿನಲ್ಲಿ ಆದನು. ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪-೧೮೬೮) ಚತುರಂಗದ ಕುದುರೆಯನ್ನು ಒಂದು ಮನೆಗೂ ಎರಡನೆಯ ಸಲ ಬಾರದಂತೆ ಅರವತ್ತನಾಲ್ಕು ಮನೆಗಳಲ್ಲಿಯೂ ನಡೆಸುವ ಬಂಧಗಳನ್ನು ರಚಿಸಿದರು; ಗಂಜೀಫದ ಎಲೆಯಾಟಗಳಲ್ಲಿ ಹೊಸ ಬಗೆಗಳನ್ನು ಕಲ್ಪಿಸಿದರು. ಅವರ ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗಕ್ಕೆ ಕೌತುಕನಿಧಿಯೆಂದೇ ಹೆಸರು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳಲ್ಲಿ ಆಟದ ಹಾಸುಗಳು ಚಿತ್ರಿತವಾಗಿವೆ.

ಇಲ್ಲಿ ಕಲ್ಯಾಣಕ್ಕಿಂತ ಹೆಚ್ಚಿನದು ಉಳಿದಿದೆ. ನಿಯಮದ ಜತೆಗೆ ಹಾಸೂ ಎಲೆಯೂ ಇವೆ. ಆದರೂ ಅನೇಕ ಆಟಗಳನ್ನು ಆಡಿ ತೋರಿಸುವವರಿಲ್ಲದೆ ಅವು ಚಿತ್ರಕಲೆಯ ಮಾದರಿಗಳಾಗಿ ಮಾತ್ರ ನೋಡಲ್ಪಟ್ಟವು. ಇತ್ತೀಚಿನ ದಶಕಗಳಲ್ಲಿ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಕ್ರೀಡಾಕೌಶಲ್ಯವೆಂಬ ಪ್ರದರ್ಶನಗಳನ್ನು ಏರ್ಪಡಿಸಿ ಪಗಡೆ, ಚೌಕಾಬಾರ, ಅಳಗುಳಿಮಣೆ ಮುಂತಾದವನ್ನು ಮರಳಿ ಜನರ ಕೈಗೆ ಕೊಟ್ಟಿರುವರು. ಮುದುಕರು ಮಣೆಯ ಮುಂದೆ ಕುಳಿತೊಡನೆ, ನಮ್ಮೂರಿನಲ್ಲಿ ಹೀಗೆ ಆಡುತ್ತಿರಲಿಲ್ಲವೆಂಬ ತಕರಾರು ಹುಟ್ಟುವುದು ಇಂಥ ಆಟಗಳ ಸ್ವಭಾವ. ನಮ್ಮ ದೃಷ್ಟಿಯಲ್ಲಿ ಆ ತಕರಾರೇ ಚರಿತ್ರೆಯ ಸಾಮಗ್ರಿ.

೩. ಹಳೆಯ ವಿಡಿಯೋ ಆಟಗಳು

ಈಗ ನಮ್ಮ ಕಾಲದ ಸಂಗತಿಗೆ ಬರೋಣ. ಜಪಾನಿನ ನಿಂಟೆಂಡೋ ಸಂಸ್ಥೆಯು ೧೯೮೩ನೆಯ ಇಸವಿ ಜುಲೈ ತಿಂಗಳಲ್ಲಿ ಫ್ಯಾಮಿಲಿ ಕಂಪ್ಯೂಟರ್ ಎಂಬ ಯಂತ್ರವನ್ನು ಮಾರಾಟಕ್ಕೆ ತಂದಿತು. ಅದರ ವಂಶದ ಯಂತ್ರಗಳೂ ಅನುಕೃತಿಗಳೂ ಭಾರತದಲ್ಲಿ ಸಾಮುರಾಯ್, ಲಿಟ್ಲ್ ಮಾಸ್ಟರ್ ಮೊದಲಾದ ಹೆಸರುಗಳಿಂದ ಪ್ರಚಾರಕ್ಕೆ ಬಂದವು. ಆಟವನ್ನೊಳಗೊಂಡ ಪೆಟ್ಟಿಗೆಯನ್ನು ನಮ್ಮ ಮಕ್ಕಳು ಕ್ಯಾಸೆಟ್ ಎಂದೇ ಕರೆದರು. ಸಾವಿರಾರು ಆಟಗಳಿವೆಯೆಂದು ಮೇಲೆ ಬರೆದಿದ್ದ ಕ್ಯಾಸೆಟ್ಟುಗಳಲ್ಲಿ ನಿಜವಾಗಿ ಇರುತ್ತಿದ್ದುದು ಕೆಲವೇ ಆಟಗಳು. ಅವೇ ಹೆಸರನ್ನೋ ಆರಂಭದ ಘಟ್ಟವನ್ನೋ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಓಲೆಗರಿಗಳನ್ನು ಪರಿಶೋಧಿಸಿ ಬಲ್ಲವರಿಗೆ ಇದು ಅಪರಿಚಿತವಾದ ಸಂಗತಿಯಲ್ಲ. ಒಂದೇ ಕೃತಿಯು ಬೇರೆ ಬೇರೆ ಹೆಸರುಗಳಿಂದ ಬರುವುದೂ, ಲಿಪಿಕಾರನು ನಡುವಿನಿಂದ ಆರಂಭಿಸುವುದೂ, ಇಲ್ಲದ್ದನ್ನು ಸೇರಿಸುವುದೂ ನಮ್ಮ ಹಸ್ತಪ್ರತಿಗಳ ನಿತ್ಯದ ಪಾಡು.

ಇಂಥ ಹಳೆಯ ಆಟಗಳ ಪ್ರೇಮಿಗಳು ಇಂದು ಲೋಕದ ನಾನಾ ಕಡೆಗಳಲ್ಲಿ ನಡೆಸುತ್ತಿರುವ ಚರ್ಚೆಯನ್ನು ಗಮನಿಸಿದರೆ ಅದು ಪಾಠವಿಮರ್ಶೆಯೇ ಹೊರತು ಬೇರೆಯಲ್ಲವೆಂದು ತೋರುವುದು. ಮೊದಲನೆಯದು ವೇಗದ ವಿಚಾರ. ಜಪಾನು ಮತ್ತು ಅಮೆರಿಕದ ದೂರದರ್ಶನ ಪದ್ಧತಿಯಲ್ಲಿ ತೆರೆಯು ಸೆಕೆಂಡಿಗೆ ಸುಮಾರು ೬೦ ಸಲ ಹೊಸದಾಗುವುದು; ಯುರೋಪು ಮತ್ತು ಭಾರತದ ಪದ್ಧತಿಯಲ್ಲಿ ೫೦ ಸಲ. ಅಲ್ಲಿಗಾಗಿ ಮಾಡಿದ ಆಟವನ್ನು ತಕ್ಕಂತೆ ತಿದ್ದದೆ ಇಲ್ಲಿಯ ಪದ್ಧತಿಯಲ್ಲಿ ನಡೆಸಿದರೆ ಅದು ಆರರಲ್ಲೊಂದು ಪಾಲಿನಷ್ಟು ನಿಧಾನವಾಗುವುದು, ಸಂಗೀತದ ಲಯವೂ ತಗ್ಗುವುದು. ಚಿಕ್ಕಂದಿನಲ್ಲಿ ನಿಧಾನದ ಆಟವನ್ನು ಆಡಿದವರು ಅದೇ ಸರಿಯೆನ್ನುವರು. ಮೂಲವನ್ನು ಬಲ್ಲವರು ಅದು ಅಪಪಾಠವೆನ್ನುವರು.

ಎರಡನೆಯದು ತೆರೆಯ ವಿಚಾರ. ಹಳೆಯ ಗಾಜುಗೊಳವೆಯ ತೆರೆಯಲ್ಲಿ ಬಣ್ಣದ ಚುಕ್ಕೆಗಳು ಒಂದರೊಳಗೊಂದು ಬೆರೆತು ಮೃದುವಾಗಿ ಕಾಣುತ್ತಿದ್ದವು; ಇಂದಿನ ಚಪ್ಪಟೆ ತೆರೆಯಲ್ಲಿ ಅವೇ ಚೌಕಗಳಾಗಿ ಒರಟಾಗಿ ನಿಲ್ಲುವುವು. ೧೯೮೪ರ ಡಕ್ ಹಂಟ್ ಎಂಬ ಬಾತುಬೇಟೆಯ ಆಟದ ಗತಿಯಂತೂ ಇದಕ್ಕಿಂತ ವಿಷಮವಾದುದು. ಅದರ ಬೆಳಕಿನ ಬಂದೂಕು ಹಳೆಯ ತೆರೆಯ ಮಿಂಚನ್ನು ಗುರುತಿಸುವಂತೆ ರಚಿತವಾದುದರಿಂದ ಹೊಸ ತೆರೆಯ ಮುಂದೆ ಅದು ಕೆಲಸ ಮಾಡದು. ಆಟದ ಪಾಠವು ಅಕ್ಷರವೂ ಕೆಡದೆ ಉಳಿದಿದೆ. ಆದರೆ ಆಡುವುದು ಸಾಧ್ಯವಿಲ್ಲ. ಮಾನಸೋಲ್ಲಾಸದ ಚತುರಂಗಕ್ಕೆ ಎಂಟು ಶತಮಾನಗಳಲ್ಲಿ ಆದ ಗತಿಯು ಈ ಆಟಕ್ಕೆ ನಲವತ್ತೇ ವರ್ಷಗಳಲ್ಲಿ ಒದಗಿತು. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಎಂಬ ಸಂಸ್ಥೆಯು ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ೨೦೧೦ಕ್ಕೆ ಮುಂಚೆ ಆ ದೇಶದಲ್ಲಿ ಹೊರಬಂದ ಆಟಗಳಲ್ಲಿ ಶೇಕಡ ೮೭ರಷ್ಟು ಮಾರುಕಟ್ಟೆಯಲ್ಲಿ ದೊರೆಯುತ್ತಿರಲಿಲ್ಲ.

೪. ಮನೆಗೆ ಬಂದ ಅನಿಮೆ ಚಿತ್ರಗಳು

ವಿಡಿಯೋ ಆಟದ ಯಂತ್ರವು ಜಪಾನಿನಲ್ಲಿ ಹುಟ್ಟಿದ ೧೯೮೩ರಲ್ಲಿಯೇ, ಚಿತ್ರಮಂದಿರಕ್ಕಾಗಲಿ ದೂರದರ್ಶನಕ್ಕಾಗಲಿ ಅಲ್ಲದೆ ನೇರವಾಗಿ ಮನೆಯ ವಿಡಿಯೋಗೆಂದೇ ತಯಾರಾದ ಮೊದಲನೆಯ ಅನಿಮೆಯೆಂದು ಪ್ರಸಿದ್ಧವಾದ ಡಾಲ್ಲೋಸ್ ಹೊರಬಂದಿತು. ಅಂದಿನಿಂದ ಒಂದೇ ಚಿತ್ರವು ಟೇಪು, ಲೇಸರ್ ತಟ್ಟೆ, ಡಿವಿಡಿ, ಬ್ಲೂ-ರೇ ಎಂದು ಪರಂಪರೆಯಾಗಿ ಬರಹತ್ತಿತು. ಪ್ರತಿಯೊಂದು ಆವೃತ್ತಿಯೂ ಹೊಸ ವಿವಾದಕ್ಕೆ ಎಡೆಯಾಯಿತು. ಡ್ರ್ಯಾಗನ್ ಬಾಲ್ ಜ಼ೆಡ್ ಎಂಬ ಮಾಲಿಕೆಯನ್ನು ೨೦೦೭ರಲ್ಲಿ ಅಮೆರಿಕದಲ್ಲಿ ಡಿವಿಡಿಯಾಗಿ ಹೊರತಂದಾಗ, ಹಳೆಯ ನಾಲ್ಕಕ್ಕೆ ಮೂರರ ಚೌಕಟ್ಟನ್ನು ಅಗಲವಾದ ತೆರೆಗೆ ಹೊಂದಿಸಲು ಚಿತ್ರದ ಮೇಲಣ ಕೆಳಗಣ ಅಂಚುಗಳನ್ನು ಕತ್ತರಿಸಲಾಯಿತು. ಕಲಾವಿದನು ಬರೆದ ಚಿತ್ರವನ್ನು ಕತ್ತರಿಸಿ ಪರಿಷ್ಕಾರವೆಂದು ಹೆಸರಿಡುವುದು ಸಲ್ಲದೆಂದು ರಸಿಕರು ಆಕ್ಷೇಪಿಸಿದರು. ಪ್ರಾಚೀನ ಕಾವ್ಯವೊಂದರ ಮುದ್ರಣದಲ್ಲಿ ಸಂಪಾದಕನು ಪದ್ಯಗಳನ್ನು ಬಿಟ್ಟರೆ ನಾವು ಎತ್ತುವ ಆಕ್ಷೇಪಣೆಯೂ ಇದೇ ಅಲ್ಲವೇ?

ಭಾರತಕ್ಕೆ ಹತ್ತಿರದ ಎರಡು ನಿದರ್ಶನಗಳುಂಟು. ಜಪಾನಿನಲ್ಲಿ ತಯಾರಾದ ಜಂಗಲ್ ಬುಕ್ ಮಾಲಿಕೆಯು ೧೯೯೩ರಲ್ಲಿ ದೂರದರ್ಶನದಲ್ಲಿ ಹಿಂದೀ ಮಾತುಗಳೊಡನೆ ಬಂದಾಗ ಗುಲ್ಜಾರರು ಅದಕ್ಕೊಂದು ಹೊಸ ಹಾಡನ್ನು ಬರೆದುಕೊಟ್ಟರು. ಮೂಲದಲ್ಲಿ ಇಲ್ಲದ ಆ ಹಾಡು ಶುದ್ಧವಾದ ಪ್ರಕ್ಷೇಪ. ಆದರೂ ಅದಿಲ್ಲದ ಮೋಗ್ಲಿಯನ್ನು ನಮ್ಮ ದೇಶದ ರಸಿಕರು ಒಪ್ಪಲಾರರು. ಪ್ರಕ್ಷೇಪವೂ ಪರಂಪರೆಯ ಭಾಗವಾಗಬಲ್ಲದೆಂದು ಇದರಿಂದ ತಿಳಿಯುವುದು. ಎರಡನೆಯದು, ಯೂಗೋ ಸಾಕೋ ಅವರು ರಾಮಮೋಹನ ಮತ್ತು ಕೋಯಿಚಿ ಸಾಸಾಕಿ ಅವರೊಡನೆ ನಿರ್ದೇಶಿಸಿದ ರಾಮಾಯಣದ ಚಿತ್ರ. ೧೯೯೦ರ ದಶಕದ ಆರಂಭದಲ್ಲಿ ಸಿದ್ಧವಾದ ಇದರ ಹಿಂದೀ ಪಾಠದಲ್ಲಿ ರಾಮನ ಮಾತನ್ನು ಅರುಣ್ ಗೋವಿಲರೂ ರಾವಣನ ಮಾತನ್ನು ಅಮರೀಶ್ ಪುರಿಯವರೂ ನುಡಿದಿದ್ದರು. ೨೦೨೫ರ ಜನವರಿಯಲ್ಲಿ ಚಿತ್ರವು ಪರಿಷ್ಕೃತವಾಗಿ ಹೊಸ ಧ್ವನಿಗಳೊಡನೆ ಭಾರತದ ಚಿತ್ರಮಂದಿರಗಳಿಗೆ ಬಂದಿತು. ಹಳೆಯ ಧ್ವನಿಯಲ್ಲಿಯೇ ಕಥೆಯನ್ನು ಕಲಿತವರಿಗೆ ಚಿತ್ರವು ನಿರ್ಮಲವಾದರೂ ರಾಮನು ಬೇರೆಯಾದನು.

ಆ ಬಿಡುಗಡೆಯು ಹಿಂದೀ, ತಮಿಳು, ತೆಲುಗು, ಇಂಗ್ಲಿಷ್ ಭಾಷೆಗಳಲ್ಲಿ ಆಯಿತು. ಕನ್ನಡವು ಆ ಪಟ್ಟಿಯಲ್ಲಿರಲಿಲ್ಲ. ಅನ್ಯಭಾಷೆಯ ಚಿತ್ರಗಳಿಗೆ ಕನ್ನಡದ ಮಾತನ್ನು ಜೋಡಿಸಬಾರದೆಂಬ ಅಲಿಖಿತ ಕಟ್ಟಳೆಯು ದಶಕಗಳ ಕಾಲ ನಡೆದುಬಂದು, ೨೦೧೫ರಲ್ಲಿ ಭಾರತದ ಸ್ಪರ್ಧಾ ಆಯೋಗವು ಅದರ ವಿರುದ್ಧ ತೀರ್ಪಿತ್ತಿತು. ಆ ದಶಕಗಳಲ್ಲಿ ಬೆಳೆದ ಮಕ್ಕಳು ಇಂಥ ಕಥೆಗಳನ್ನು ಬಹುಮಟ್ಟಿಗೆ ಹಿಂದಿಯಲ್ಲಿಯೇ ಕೇಳಿದರು. ಅವರ ರಸಿಕತೆಗೆ ಕನ್ನಡದ ಮಾತು ಒದಗದೆ ಹೋದುದು ಸಣ್ಣ ನಷ್ಟವಲ್ಲ. ದೇಶಭಾಷೆಗಳ ಹಾಡುಗಳನ್ನು ತನ್ನ ಗ್ರಂಥದಲ್ಲಿ ಸೇರಿಸಿಕೊಂಡ ಸೋಮೇಶ್ವರನ ರಾಜಧಾನಿಯ ಸೀಮೆಯಲ್ಲಿ ನಿಂತು ನೋಡಿದರೆ ಈ ಕೊರತೆಯು ಇನ್ನೂ ಸ್ಪಷ್ಟವಾಗುವುದು.

೫. ಅಭಿಪ್ರಾಯಗಳ ಪ್ರಾಮಾಣ್ಯ

ಇಲ್ಲಿ ಒಂದು ಪೂರ್ವಪಕ್ಷವು ಏಳಬಹುದು. ಆಟದ ಹುಚ್ಚುಳ್ಳವರ ಮಾತು ಬಾಲ್ಯದ ಮೋಹದಿಂದ ಬಣ್ಣಗೊಂಡಿರುವುದು. ಅದನ್ನು ಪ್ರಮಾಣವೆಂದು ಸ್ವೀಕರಿಸುವುದು ಹೇಗೆ? ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಆದರೆ ಮೋಹವಿದೆಯೆಂದು ಸಾಕ್ಷ್ಯವನ್ನೇ ತಳ್ಳಿಬಿಡುವುದಾದರೆ, ಆಶ್ರಯದಾತನನ್ನು ಹೊಗಳಿದ ಬಿಲ್ಹಣನನ್ನೂ ನಾವು ತಳ್ಳಬೇಕಾದೀತು. ನಾವು ಹಾಗೆ ಮಾಡದೆ ಅವನನ್ನು ತೂಗಿ ನೋಡಿರುವೆವು. ಇಲ್ಲಿಯೂ ಅದೇ ಮಾರ್ಗವನ್ನು ಅನುಸರಿಸಬಹುದು. ಹೇಳುವವನು ಯಾವ ಪ್ರತಿಯನ್ನು, ಯಾವ ಯಂತ್ರದಲ್ಲಿ, ಯಾವ ಭಾಷೆಯಲ್ಲಿ ಕಂಡನೆಂಬುದನ್ನು ಮೊದಲು ನಿರ್ಣಯಿಸಬೇಕು. ಕಂಡ ಸಂಗತಿಯನ್ನೂ ಮೆಚ್ಚಿಕೆಯನ್ನೂ ಬೇರ್ಪಡಿಸಬೇಕು. ಪರಸ್ಪರ ಸಂಬಂಧವಿಲ್ಲದ ಇಬ್ಬರು ಮೂವರು ಒಂದೇ ಸಂಗತಿಯನ್ನು ಹೇಳಿದರೆ ಅದಕ್ಕೆ ಹೆಚ್ಚಿನ ಬೆಲೆಯನ್ನು ಕೊಡಬೇಕು. ಮೆಚ್ಚಿಕೆಯ ಭಾಗವನ್ನೂ ಎಸೆಯಬಾರದು; ಒಂದು ಕಾಲದ ಅಭಿರುಚಿಗೆ ಅದೇ ದಾಖಲೆ.

ಈ ಕಾರ್ಯಕ್ಕೆ ಸಾಹಿತ್ಯದ ಉಪಾಧ್ಯಾಯರಷ್ಟು ತಕ್ಕವರು ಬೇರೆಯಿಲ್ಲ. ಪಾಠಾಂತರವನ್ನು ಗುರುತಿಸುವ ಅಭ್ಯಾಸವು ಅವರಿಗುಂಟು. ಆ ಕ್ಯಾಸೆಟ್ಟುಗಳನ್ನು ಆಡಿದ, ಆ ಚಿತ್ರಗಳನ್ನು ನೋಡಿದ ತಲೆಮಾರು ಇಂದು ನಡುವಯಸ್ಸನ್ನು ಮುಟ್ಟಿ ಅವರ ನೆರೆಹೊರೆಯಲ್ಲಿಯೇ ಇರುವುದು. ಬಸವಕಲ್ಯಾಣ, ಹುಮನಾಬಾದು, ಗೋರ್ಟಾಗಳಂಥ ಊರುಗಳಲ್ಲಿ ಕನ್ನಡ, ಮರಾಠಿ, ದಖನಿ, ತೆಲುಗುಗಳು ಒಂದೇ ಬೀದಿಯಲ್ಲಿ ಕೇಳಿಬರುವುದರಿಂದ, ಆಟದ ಮಾತುಗಳು ಯಾವ ನುಡಿಯಿಂದ ಯಾವ ನುಡಿಗೆ ಹರಿದವೆಂಬುದನ್ನು ಅರಿಯುವುದಕ್ಕೂ ಅದು ಉತ್ತಮವಾದ ಕ್ಷೇತ್ರ. ಪಗಡೆಯನ್ನು ಬಲ್ಲ ಅಜ್ಜನ ತಕರಾರನ್ನೂ ವಿಡಿಯೋ ಆಟವನ್ನು ಬಲ್ಲ ಮಗನ ತಕರಾರನ್ನೂ ಒಂದೇ ಪುಸ್ತಕದಲ್ಲಿ, ಅವರವರ ಮಾತಿನಲ್ಲಿಯೇ, ದಿನಾಂಕ ಸಹಿತವಾಗಿ ಬರೆದಿಟ್ಟರೆ ಸಾಕು. ಕಲ್ಯಾಣದ ಅರಸನು ಆಟದ ನಿಯಮಗಳನ್ನು ನಮಗೆ ಬಿಟ್ಟುಹೋದನು. ಆಡಿದವರ ಮಾತನ್ನು ಬಿಟ್ಟುಹೋಗುವ ಹೊಣೆಯು ನಮ್ಮದಾಗಿದೆ.