ಖಡ್ಗಮೃಗ ನೋಡಲು ಹೊರಟ ಕಾರ್ಖಾನೆಯ ರೈಲು

ಮೃಗಾಲಯದ ಪುಟ್ಟ ರೈಲೆಂದರೆ ಮಕ್ಕಳ ಆಟಿಕೆ ಎಂದೇ ನಾವು ತಿಳಿಯುತ್ತೇವೆ. ಎಲ್ಲ ಪುಟ್ಟ ರೈಲುಗಳೂ ಹಾಗಲ್ಲ. ಇಂಗ್ಲೆಂಡಿನ ವಿಪ್‌ಸ್ನೇಡ್ ಪ್ರಾಣಿ ಉದ್ಯಾನದ ರೈಲಿಗೆ ದುಡಿಮೆಯ ಚರಿತ್ರೆಯಿದೆ. ಅಳಿವಿನ ಅಂಚಿನಿಂದ ಮರಳಿದ ಪ್ರಾಣಿಯೊಂದರ ಚರಿತ್ರೆಯೂ ಅದರೊಡನೆ ಸೇರಿಕೊಂಡಿದೆ.

ಲಂಡನ್ನಿನ ಪ್ರಾಣಿಶಾಸ್ತ್ರ ಸಂಘವು ವಿಪ್‌ಸ್ನೇಡನ್ನು 1931ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಇಕ್ಕಟ್ಟಾದ ಪಂಜರಗಳ ಬದಲು ವಿಶಾಲವಾದ ಬಯಲಿನಲ್ಲಿ ಪ್ರಾಣಿಗಳನ್ನು ಸಾಕಬೇಕೆಂಬುದು ಅದರ ಉದ್ದೇಶ. ಸುಮಾರು 600 ಎಕರೆಯ ಈ ಉದ್ಯಾನವನ್ನು ಕಾಲ್ನಡಿಗೆಯಲ್ಲೇ ಸುತ್ತುವುದು ಸುಲಭವಲ್ಲ.

ಈಗ ಕೆಂಟ್ ಪ್ರಾಂತ್ಯದ ಸಿಟಿಂಗ್‌ಬೋರ್ನ್ ಊರಿಗೆ ಹೋಗೋಣ. ಅಲ್ಲಿನ ಕಾಗದದ ಕಾರ್ಖಾನೆಗೆ 1906ರಿಂದ ತನ್ನದೇ ಉಗಿಬಂಡಿ ರೈಲು ಇತ್ತು. ಅದು ಮರದ ತಿರುಳನ್ನು ಒಳಗೆ ತರುತ್ತಿತ್ತು, ಕಾಗದವನ್ನು ಹೊರಗೆ ಒಯ್ಯುತ್ತಿತ್ತು. ಹಳಿಗಳ ನಡುವಿನ ಅಂತರ ಎರಡೂವರೆ ಅಡಿ ಮಾತ್ರ. ನಮ್ಮ ಬಂಗಾರಪೇಟೆ–ಕೋಲಾರ ಮಾರ್ಗದಲ್ಲಿ ಹಿಂದೆ ಓಡುತ್ತಿದ್ದ ಪುಟ್ಟ ಗಾಡಿಯ ಅಳತೆಯೂ ಇದೇ. ಹಳಿ ಕಿರಿದಾದಷ್ಟೂ ಬಿಗಿಯಾದ ತಿರುವುಗಳನ್ನು ಹಾಕಬಹುದು, ಖರ್ಚೂ ಕಡಿಮೆ. ಕಟ್ಟಡಗಳ ನಡುವೆ ನುಸುಳಬೇಕಾದ ಗಾಡಿಗೆ ಇದು ಬಹಳ ಅನುಕೂಲ.

1969ರಲ್ಲಿ ಕಾರ್ಖಾನೆ ತನ್ನ ರೈಲನ್ನು ನಿಲ್ಲಿಸಿತು. ಮಾರ್ಗದ ಒಂದು ಭಾಗವನ್ನು ರೈಲು ಪ್ರಿಯರು ಅಲ್ಲೇ ಉಳಿಸಿಕೊಂಡರು. 1908ರಲ್ಲಿ ತಯಾರಾದ 'ಎಕ್ಸೆಲ್ಸಿಯರ್' ಮೊದಲಾದ ಕೆಲವು ಎಂಜಿನ್‌ಗಳು ಮಾತ್ರ ಗುಜರಿ ಸೇರುವ ಬದಲು ವಿಪ್‌ಸ್ನೇಡಿಗೆ ಬಂದವು. 1970ರಲ್ಲಿ ಅಲ್ಲಿ ರೈಲು ಓಡತೊಡಗಿತು.

ಅದೇ ವರ್ಷ ದಕ್ಷಿಣ ಆಫ್ರಿಕಾದ ಉಂಫೊಲೋಜಿ ಅಭಯಾರಣ್ಯದಿಂದ 20 ಬಿಳಿ ಖಡ್ಗಮೃಗಗಳು ವಿಪ್‌ಸ್ನೇಡಿಗೆ ಬಂದಿಳಿದವು. ಹೆಸರಿಗೆ ಬಿಳಿಯಾದರೂ ಇವುಗಳ ಮೈಬಣ್ಣ ಬೂದು. ಬೇಟೆಯ ಹಾವಳಿಯಿಂದಾಗಿ ದಕ್ಷಿಣದ ಈ ಉಪಜಾತಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ನೂರಕ್ಕಿಂತ ಕಡಿಮೆ ಸಂಖ್ಯೆಗೆ ಇಳಿದಿತ್ತು. 1895ರಲ್ಲಿ ಉಂಫೊಲೋಜಿ ರಕ್ಷಿತ ಪ್ರದೇಶವಾಯಿತು, ಸಂತತಿ ನಿಧಾನವಾಗಿ ಬೆಳೆಯಿತು. ಆದರೆ ಎಲ್ಲವೂ ಒಂದೇ ಕಡೆ ಇದ್ದರೆ ಒಂದು ಸಾಂಕ್ರಾಮಿಕ ರೋಗ ಬಂದರೂ ಸಾಕು, ವಂಶವೇ ಅಳಿಯಬಹುದು. ಆದ್ದರಿಂದ 1960ರ ದಶಕದಲ್ಲಿ ಅವುಗಳಿಗೆ ಅರಿವಳಿಕೆ ಮದ್ದಿನ ಸೂಜಿ ಹೊಡೆದು, ಹಿಡಿದು, ಬೇರೆ ಬೇರೆ ಕಡೆಗೆ ಸಾಗಿಸುವ ಕೆಲಸ ನಡೆಯಿತು. ಮೃಗಾಲಯಗಳಲ್ಲಿ ಜೋಡಿಯಾಗಿ ಇಟ್ಟಾಗ ಇವು ಮರಿ ಹಾಕುವುದು ಅಪರೂಪ. ಹಿಂಡಾಗಿ ಬಿಟ್ಟರೆ ಸಂತಾನ ವೃದ್ಧಿಯಾಗುತ್ತದೆ. ವಿಪ್‌ಸ್ನೇಡಿನ ಬಯಲು ಅದಕ್ಕೆ ತಕ್ಕ ಜಾಗವಾಗಿತ್ತು.

ಹೊಸ ಅತಿಥಿಗಳನ್ನು ಜನರಿಗೆ ತೋರಿಸಲು ಹೊರಟ ಆ ರೈಲಿಗೆ 'ವಿಪ್‌ಸ್ನೇಡ್ ಮತ್ತು ಉಂಫೊಲೋಜಿ ರೈಲ್ವೆ' ಎಂದೇ ಹೆಸರಿಟ್ಟರು. ಮುಂದೆ ಹೆಸರೂ ಬದಲಾಯಿತು, ದಾರಿಯೂ ಬದಲಾಯಿತು. ಏಷ್ಯಾದ ಪ್ರಾಣಿಗಳ ಬಯಲಿನ ಮೂಲಕ ಸಾಗುವಂತಾದ ಆ ರೈಲಿನಲ್ಲಿ ಕುಳಿತವರು ಎರಡು ಡುಬ್ಬದ ಒಂಟೆಗಳನ್ನೂ ನಮ್ಮ ಅಸ್ಸಾಮಿನ ಒಂಟಿಕೊಂಬಿನ ಖಡ್ಗಮೃಗದ ಬಳಗವನ್ನೂ ಕಂಡರು.

ದಕ್ಷಿಣದ ಬಿಳಿ ಖಡ್ಗಮೃಗಗಳ ಸಂಖ್ಯೆ ಇಂದು ಹದಿನೈದು ಸಾವಿರ ದಾಟಿದೆ. ಉತ್ತರದ ಸೋದರ ಉಪಜಾತಿಗೆ ಆ ಭಾಗ್ಯವಿಲ್ಲ. ಅದರ ಕೊನೆಯ ಗಂಡು 2018ರಲ್ಲಿ ಕೀನ್ಯಾದಲ್ಲಿ ಸತ್ತಿತು, ಉಳಿದದ್ದು ಎರಡು ಹೆಣ್ಣು ಮಾತ್ರ. ಒಂದಕ್ಕೆ ರಕ್ಷಣೆ ಹೊತ್ತಿಗೆ ಸರಿಯಾಗಿ ದೊರೆಯಿತು, ಇನ್ನೊಂದಕ್ಕೆ ದೊರೆಯಲಿಲ್ಲ. ಹಳೆಯ ಎಂಜಿನ್ನಿಗೆ ಗುಜರಿಯಿಂದ ಬಿಡಿಭಾಗ ತಂದು ಮತ್ತೆ ಜೀವ ಕೊಡಬಹುದು. ಪ್ರಾಣಿಯ ವಿಷಯದಲ್ಲಿ ಆ ಅವಕಾಶವಿಲ್ಲ. ಮುಂದೆ ನೀವು ಯಾವುದೇ ಮೃಗಾಲಯದ ಪುಟ್ಟ ರೈಲನ್ನು ಹತ್ತಿದಾಗ, ಕಿಟಕಿಯಾಚೆ ಕಾಣುವ ಪ್ರಾಣಿ ಅಲ್ಲಿಗೆ ಹೇಗೆ ಬಂತು ಎಂದು ಒಮ್ಮೆ ಕೇಳಿ ನೋಡಿ.